ಏಳು ಗೆರೆಗಳ ಗ್ರಾಫು, ರಾಮಾನುಜನ್ ಎಳೆದ ಗಡಿ

ಒಂದು ಪೆನ್ಸಿಲ್ಲು, ಒಂದು ಹಾಳೆ ತಗೊಳ್ಳಿ. 13ನ್ನು ನಾಲ್ಕು ವರ್ಗಗಳ ಮೊತ್ತವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು, ನೋಡೋಣ. ನಿಯಮ ಎರಡೇ. ವರ್ಗ ಮಾಡುವ ಮೊದಲ ಸಂಖ್ಯೆ ಬೆಸವಾಗಿರಬೇಕು, ಅದೂ ಧನ. ಉಳಿದ ಮೂರೂ ಸಮ. ಸೊನ್ನೆಯಾದರೂ ಸರಿ, ಋಣವಾದರೂ ಸರಿ, ಜಾಗ ಬದಲಾದರೆ ಬೇರೆ ಬಗೆ ಎಂದೇ ಲೆಕ್ಕ. ಮೊದಲನೆಯದು 3 ಎಂದುಕೊಳ್ಳಿ. 9 ಹೋಗಿ 4 ಉಳಿಯಿತು. ಮೂರು ಜಾಗಗಳಲ್ಲಿ ಯಾವುದಾದರೂ ಒಂದರಲ್ಲಿ 2 ಅಥವಾ −2 ಕೂರಿಸಿ, ಮಿಕ್ಕೆರಡಕ್ಕೆ ಸೊನ್ನೆ ಕೊಡಿ: ಆರು ಬಗೆ. ಮೊದಲನೆಯದು 1 ಆದರೆ 12 ಉಳಿಯುತ್ತದೆ. ಮೂರೂ ಜಾಗಗಳಲ್ಲಿ 2 ಅಥವಾ −2: ಎಂಟು ಬಗೆ. ಒಟ್ಟು 14.

ಈಗ 5. ಮೊದಲನೆಯದು 1 ಆಗದೆ ವಿಧಿಯಿಲ್ಲ, ಉಳಿದ 4ಕ್ಕೆ ಆರು ಬಗೆ. ಒಟ್ಟು 6. ಹದಿನೇಳಕ್ಕೆ ಬನ್ನಿ. ಮೊದಲನೆಯದು 1 ಆದರೆ ಉಳಿದ 16ಕ್ಕೆ ಆರು ಬಗೆ. 3 ಆದರೆ ಉಳಿದ 8ಕ್ಕೆ ಹನ್ನೆರಡು. ಒಟ್ಟು 18. ಇನ್ನೂ ಹುಮ್ಮಸ್ಸಿದ್ದರೆ 29. ಮೊದಲನೆಯದು 5 ಆದರೆ ಆರು, 3 ಆದರೆ ಇಪ್ಪತ್ತನಾಲ್ಕು, 1 ಆದರೆ ಒಂದೂ ಇಲ್ಲ. ಒಟ್ಟು 30.

5ಕ್ಕೆ 6. 13ಕ್ಕೆ 14. 17ಕ್ಕೆ 18. 29ಕ್ಕೆ 30! ಬಿಡಿಬಿಡಿಯಾಗಿ ನೋಡಿದರೆ ಆರು, ಎಂಟು, ಹನ್ನೆರಡು, ಇಪ್ಪತ್ತನಾಲ್ಕು ಎಂದು ಅಡ್ಡಾದಿಡ್ಡಿ ಬರುವ ಲೆಕ್ಕ ಕೂಡಿಸಿದ ಕೂಡಲೇ ಶಿಸ್ತಿಗೆ ಬಂದು ನಿಲ್ಲುತ್ತದೆ. ನಾಲ್ಕರಿಂದ ಭಾಗಿಸಿದಾಗ 1 ಶೇಷ ಉಳಿಯುವ ಯಾವ ಅವಿಭಾಜ್ಯ ಸಂಖ್ಯೆಯನ್ನೇ ಕೊಡಿ, ಉತ್ತರ ಅದಕ್ಕಿಂತ ಒಂದು ಹೆಚ್ಚು. ಸಾವಿರ ಅಂಕಿಗಳ ಸಂಖ್ಯೆ ಕೊಟ್ಟರೂ ಅಷ್ಟೆ.

ಇದರ ಹಿಂದಿರುವವರು ಕಾರ್ಲ್ ಜಾಕೋಬಿ. 1829ರಲ್ಲಿ ಅವರು ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಹೊರತಂದರು. ತೀಟಾ ಫಲನಗಳೆಂಬ ಅನಂತ ಶ್ರೇಣಿಗಳು ಅದರ ಜೀವಾಳ. ಫಲನಗಳಲ್ಲಿ ಕೆಲವಕ್ಕೆ ಮಾತ್ರ ಗಣಿತಜ್ಞರು 'ವಿಶೇಷ' ಎಂಬ ಪಟ್ಟ ಕಟ್ಟುತ್ತಾರೆ; ಶಾಖದ ಹರಿವು, ಲೋಲಕದ ತೂಗು, ಗ್ರಹಗಳ ಚಲನೆ ಎಂದು ಎಲ್ಲಿ ಕೈಯಿಟ್ಟರೂ ಮತ್ತೆ ಮತ್ತೆ ಎದುರಾಗುವ ಫಲನಗಳವು. ತೀಟಾ ಆ ಕುಲದ ಹಿರಿಯ. ಅದನ್ನು ನಾಲ್ಕು ಸಲ ತನ್ನಿಂದಲೇ ಗುಣಿಸಿದರೆ ಬರುವ ಶ್ರೇಣಿಯ ಸಹಗುಣಕಗಳೇ ನಾಲ್ಕು ವರ್ಗಗಳ ಲೆಕ್ಕ. ನಾವೀಗ ಹಾಳೆಯ ಮೇಲೆ ಮಾಡಿದ್ದು ಅದರದೇ ಒಂದು ತುಣುಕು.

ಪುಸ್ತಕ ಅಚ್ಚಾದ ಊರು ಯಾವುದು ಗೊತ್ತೆ? ಕ್ಯೋನಿಗ್ಸ್‌ಬರ್ಗ್! ಜಾಕೋಬಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದರು. ಅದೇ ಊರಿನ ಏಳು ಸೇತುವೆಗಳನ್ನು ಒಂದನ್ನೂ ಎರಡು ಸಲ ದಾಟದೆ ಸುತ್ತಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ 1735ರಲ್ಲಿ, ದೂರದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕುಳಿತು, 'ಇಲ್ಲ' ಎಂದು ಉತ್ತರಿಸಿದವರು ಲಿಯೊನಾರ್ಡ್ ಆಯ್ಲರ್. ಗ್ರಾಫ್ ಥಿಯರಿ ಹುಟ್ಟಿದ್ದೇ ಆ ಉತ್ತರದಲ್ಲಿ. ವಿಶೇಷ ಫಲನಗಳ ರಾಜನೆನ್ನಬಹುದಾದ ಗ್ಯಾಮಾ ಫಲನವನ್ನು ಅದೇ ಆಯ್ಲರ್ 1729ರಲ್ಲೇ ಗೋಲ್ಡ್‌ಬಾಖ್‌ಗೆ ಬರೆದ ಪತ್ರದಲ್ಲಿ ವಿವರಿಸಿಯಾಗಿತ್ತು. ಒಬ್ಬನೇ ತಂದೆ, ಒಂದೇ ಊರಿನ ನಂಟು. ಆದರೂ ಈ ಎರಡು ಶಾಖೆಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದರ ಮುಖ ಒಂದು ನೋಡದವರಂತೆ ಬೆಳೆದವು.

ಇವತ್ತಿಗೂ ದೊಡ್ಡ ಗಣಿತ ಸಮ್ಮೇಳನಗಳಲ್ಲಿ ಎರಡಕ್ಕೂ ಬೇರೆ ಬೇರೆ ಕೋಣೆ. ಒಂದರಲ್ಲಿ ಬೋರ್ಡಿನ ತುಂಬ ಉದ್ದುದ್ದ ಶ್ರೇಣಿಗಳು, ಕೊನೆಯಲ್ಲಿ ಮೂರು ಚುಕ್ಕೆ. ಇನ್ನೊಂದರಲ್ಲಿ ಚುಕ್ಕೆಗಳು, ಅವನ್ನು ಕೂಡಿಸುವ ಗೆರೆಗಳು, ನೋಡಲು ರಂಗೋಲಿ. ಅಲ್ಲಿಯ ಶ್ರೋತೃಗಳು ಇಲ್ಲಿಗೆ ಬರುವುದು ಕಡಿಮೆ. ನಡುವಿನ ಗೋಡೆ ಮಾತ್ರ ಯಾವತ್ತೋ ಬಿದ್ದಿದೆ, ಅದೂ ಗ್ರಾಫ್ ಥಿಯರಿಯಲ್ಲಿ ಒಂದಕ್ಷರವನ್ನೂ ಬರೆಯದೆ 1920ರಲ್ಲೇ ತೀರಿಕೊಂಡ ಒಬ್ಬರ ಹೆಸರಿನಲ್ಲಿ.

ರಾಮಾನುಜನ್ ಅವರ ಟ್ಯಾಕ್ಸಿ ನಂಬರಿನ ಕಥೆ ಎಲ್ಲರಿಗೂ ಗೊತ್ತು, ಅದು ಬೇಡ. 1916ಕ್ಕೆ ಹೋಗೋಣ. ಕೇಂಬ್ರಿಜ್‌ನಲ್ಲಿ ರಾಮಾನುಜನ್ ಒಂದು ಗುಣಾಕಾರ ಮಾಡುತ್ತಾರೆ. (1−ಕ), (1−ಕ²), (1−ಕ³) ಎಂದು ಕೊನೆಯಿಲ್ಲದೆ ಸಾಗುವ ಪದಗಳನ್ನೆಲ್ಲ ಗುಣಿಸಿ, ಬಂದದ್ದನ್ನು 24ನೇ ಘಾತಕ್ಕೆ ಏರಿಸಿ, ಮುಂದೊಂದು 'ಕ' ಸೇರಿಸಿ ಬಿಡಿಸುತ್ತಾರೆ. ಸಹಗುಣಕಗಳು ಸಾಲಾಗಿ ಉದುರುತ್ತವೆ: 1, −24, 252, −1472, 4830, −6048, −16744... ಇವಕ್ಕೆ ಅವರಿಟ್ಟ ಹೆಸರು ಟೌ. ಎರಡನೆಯದನ್ನೂ ಮೂರನೆಯದನ್ನೂ ಗುಣಿಸಿ ನೋಡಿ. −24 ಗುಣಿಸು 252, ಬರುವುದು −6048. ಅದು ಆರನೆಯದು! ಎರಡು ಮೂರಲಿ ಆರು ಎಂಬ ಮಗ್ಗಿ ಈ ವಿಚಿತ್ರ ಸಂಖ್ಯೆಗಳ ನಡುವೆಯೂ ನಡೆಯುತ್ತಿದೆ. ರಾಮಾನುಜನ್ ಅದನ್ನು ಗಮನಿಸಿದರು, ಲೂಯಿ ಮೋರ್ಡೆಲ್ ಮರುವರ್ಷವೇ ಸಾಧಿಸಿ ಕೊಟ್ಟರು.

ಅದೇ ಪ್ರಬಂಧದ ಇನ್ನೊಂದು ಊಹೆ ಮಾತ್ರ ಯಾರ ಕೈಗೂ ಸಿಗಲಿಲ್ಲ. ಟೌ ಸಂಖ್ಯೆಗಳು ಬೆಳೆಯುತ್ತಲೇ ಹೋಗುತ್ತವೆ, ಆದರೆ ಅವಕ್ಕೊಂದು ಬೇಲಿ ಇದೆ ಎಂದರು ರಾಮಾನುಜನ್. ಅವಿಭಾಜ್ಯ ಸಂಖ್ಯೆಯ ವರ್ಗಮೂಲವನ್ನು ಹನ್ನೊಂದು ಸಲ ಗುಣಿಸಿಕೊಳ್ಳಿ, ಅದರ ಎರಡರಷ್ಟನ್ನು ಟೌ ಎಂದೂ ಮೀರದು. 7ರ ಬೇಲಿ ಸುಮಾರು 88,934. ಟೌ 16,744, ಚಿಹ್ನೆ ಬಿಟ್ಟು. ಬೇಲಿಯೊಳಗೇ ಇದೆ. ಈ 'ಎಂದೂ' ಎಂಬುದನ್ನು ಸಾಧಿಸಲು 58 ವರ್ಷ ಹಿಡಿಯಿತು. 1974ರಲ್ಲಿ ಬೆಲ್ಜಿಯಂನ ಪಿಯರ್ ಡೆಲೀನ್ ಅದನ್ನು ಸಾಧಿಸಿದಾಗ ಬಳಸಿದ ಸಲಕರಣೆಗಳು ರಾಮಾನುಜನ್ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. ಬೆಳವಣಿಗೆಯ ಭಾಗವನ್ನು ತೆಗೆದು ಅಳೆದರೆ ಅವಿಭಾಜ್ಯಗಳ ಟೌಗಳೆಲ್ಲ −2 ಮತ್ತು 2ರ ನಡುವೆ ಬಂದು ಕೂರುತ್ತವೆ: 2ಕ್ಕೆ −0.53, 3ಕ್ಕೆ 0.60, 5ಕ್ಕೆ 0.69, 7ಕ್ಕೆ −0.38. ಈ 2 ಎಂಬ ಗಡಿಯನ್ನು ನೆನಪಿಟ್ಟುಕೊಳ್ಳಿ.

ಈಗ ಪಕ್ಕದ ಕೋಣೆಗೆ ಬನ್ನಿ. ಒಂದು ಊರು ಇದೆ ಎನ್ನಿ. ಪ್ರತಿ ಮನೆಗೂ ಮಾತಿಗೆ ಸಿಗುವ ಮನೆಗಳು ಆರೇ ಆರು. ಒಂದು ಮನೆಯಲ್ಲಿ ಹುಟ್ಟಿದ ಸುದ್ದಿ ಇಡೀ ಊರಿಗೆ ಎಷ್ಟು ಬೇಗ ಹರಡುತ್ತದೆ? ಆರೂ ಮನೆಗಳು ತಮ್ಮತಮ್ಮಲ್ಲೇ ಸುತ್ತುವ ಕೇರಿಯಾದರೆ ಸುದ್ದಿ ಅಲ್ಲೇ ಗಿರಕಿ ಹೊಡೆಯುತ್ತದೆ. ಯಾವ ಕೇರಿಯೂ ಒಳಗೊಳಗೇ ಮುಚ್ಚಿಕೊಳ್ಳದಂತೆ ಗೆರೆಗಳನ್ನು ಎಳೆದರೆ? ಪ್ರತಿ ಬಿಂದುವಿಗೂ ಗೆರೆಗಳು ಕೆಲವೇ, ಆದರೂ ಇಡೀ ಜಾಲ ಬಿಗಿಯಾಗಿ ಹೆಣೆದಿರಬೇಕು. ಇಂಥವಕ್ಕೆ ಎಕ್ಸ್‌ಪ್ಯಾಂಡರ್ ಗ್ರಾಫ್ ಎಂದು ಹೆಸರು. ಬಿಂದುಗಳನ್ನು ಲಾಟರಿ ಎತ್ತಿದಂತೆ ಸುಮ್ಮನೆ ಜೋಡಿಸಿದರೆ ಎಕ್ಸ್‌ಪ್ಯಾಂಡರ್ ಸಿಗುತ್ತದೆಂದು ಗೊತ್ತಿತ್ತು. ಸೂತ್ರ ಹಾಕಿ 'ಇಗೋ ಇದು' ಎಂದು ಮೊದಲು ತೋರಿಸಿದವರು ಮಾಸ್ಕೋದ ಗ್ರಿಗೊರಿ ಮಾರ್ಗುಲಿಸ್, 1973ರಲ್ಲಿ.

ಹೆಣಿಗೆ ಎಷ್ಟು ಬಿಗಿ ಎಂದು ಅಳೆಯುವ ವಿಧಾನ ಸೊಗಸಾದದ್ದು. ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಕೊಡಿ. ಬಳಿಕ ಪ್ರತಿ ಬಿಂದುವೂ ತನ್ನ ಸಂಖ್ಯೆ ಬಿಟ್ಟು ನೆರೆಯವರ ಸಂಖ್ಯೆಗಳ ಮೊತ್ತವನ್ನು ಹೊರಲಿ. ಸಾಮಾನ್ಯವಾಗಿ ಎಲ್ಲವೂ ಕಲಸಿಹೋಗುತ್ತದೆ. ಆದರೆ ಕೆಲವು ಹಂಚಿಕೆಗಳು ಮಾತ್ರ ಕೆಡದೆ, ಹಾಗ್ಹಾಗೇ ಒಂದೇ ಪಟ್ಟು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಆ ಪಟ್ಟುಗಳೇ ಗ್ರಾಫಿನ ಐಗನ್‌ಮೌಲ್ಯಗಳು. ಹತ್ತು ಬಿಂದು, ಹದಿನೈದು ಗೆರೆಗಳ ಪೀಟರ್ಸನ್ ಗ್ರಾಫಿನಲ್ಲಿ ಅವು 3, 1 ಮತ್ತು −2, ಅಷ್ಟೇ. ಮೊದಲ ಮೌಲ್ಯ ಯಾವಾಗಲೂ ಬಿಂದುವಿಗಿರುವ ಗೆರೆಗಳ ಸಂಖ್ಯೆ, ಅದನ್ನು ಬಿಡಿ. ಉಳಿದವು ಎಷ್ಟು ಸಣ್ಣವೋ ಜಾಲ ಅಷ್ಟು ಬಿಗಿ.

ಎಷ್ಟು ಸಣ್ಣದಾಗಬಹುದು? ಇದಕ್ಕೂ ಒಂದು ಬೇಲಿ ಇದೆ! ಗೆರೆಗಳ ಸಂಖ್ಯೆಯಿಂದ ಒಂದು ಕಳೆದು, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಗ್ರಾಫ್ ದೊಡ್ಡದಾದಂತೆ ಎರಡನೆಯ ಐಗನ್‌ಮೌಲ್ಯವನ್ನು ಇದಕ್ಕಿಂತ ಗಣನೀಯವಾಗಿ ಕೆಳಗಿಳಿಸಲಾಗದು ಎಂದು ನೋಗಾ ಅಲೋನ್ ಮತ್ತು ರವಿ ಬೊಪ್ಪನ 1980ರ ದಶಕದಲ್ಲಿ ತೋರಿಸಿದರು. ಪ್ರತಿ ಬಿಂದುವಿಗೂ ಆರು ಗೆರೆಯಿರುವ ಗ್ರಾಫಿಗೆ ಈ ಗಡಿ 2√5, ಸುಮಾರು 4.47. ಹದಿನಾಲ್ಕು ಗೆರೆಯದಕ್ಕೆ 2√13.

ಆರು ಗೆರೆ ಎಂದರೆ 5ಕ್ಕಿಂತ ಒಂದು ಹೆಚ್ಚು, ಹದಿನಾಲ್ಕು ಎಂದರೆ 13ಕ್ಕಿಂತ ಒಂದು ಹೆಚ್ಚು. ಈ ಸಂಖ್ಯೆಗಳನ್ನು ನಾವು ಆಗಲೇ ಹಾಳೆಯ ಮೇಲೆ ಬರೆದಿದ್ದೇವೆ! ಐಗನ್‌ಮೌಲ್ಯವನ್ನು √5ರಿಂದ ಭಾಗಿಸಿದರೆ ಗಡಿ −2ರಿಂದ 2. ಟೌ ಸಂಖ್ಯೆಗಳಿಗಿದ್ದ ಅದೇ ಗಡಿ.

1988ರಲ್ಲಿ ಅಲೆಕ್ಸ್ ಲುಬೋಟ್ಸ್ಕಿ, ರಾಲ್ಫ್ ಫಿಲಿಪ್ಸ್, ಪೀಟರ್ ಸಾರ್ನಾಕ್ ಮೂವರೂ ಕೂಡಿ ಪ್ರಕಟಿಸಿದ ಪ್ರಬಂಧಕ್ಕೆ ಎರಡೇ ಪದಗಳ ಶೀರ್ಷಿಕೆ: ರಾಮಾನುಜನ್ ಗ್ರಾಫ್‌ಗಳು. ಐಗನ್‌ಮೌಲ್ಯಗಳು ಈ ಬೇಲಿ ದಾಟದ ಗ್ರಾಫ್‌ಗಳಿಗೆ ಇಟ್ಟ ಹೆಸರು ಅದು. ಪ್ರಬಂಧದೊಳಗಿನ ಅಡುಗೆ ಹೀಗಿದೆ. 5ನ್ನು ನಾಲ್ಕು ವರ್ಗಗಳಾಗಿ ಒಡೆಯುವ ಆರು ಬಗೆಗಳಲ್ಲಿ ಪ್ರತಿಯೊಂದರಿಂದಲೂ ಒಂದೊಂದು ಎರಡು-ಅಡ್ಡ-ಎರಡು ಮ್ಯಾಟ್ರಿಕ್ಸ್ ಕಟ್ಟಿ. ಲೆಕ್ಕವನ್ನೆಲ್ಲ ಇನ್ನೊಂದು ಅವಿಭಾಜ್ಯ ಸಂಖ್ಯೆಯ, 29 ಎನ್ನೋಣ, ಶೇಷಗಳಲ್ಲೇ ಮಾಡಿ. ಅಂಥ ಲೋಕದಲ್ಲಿ ಬಿಂದುಗಳಾಗಲು ಅರ್ಹವಾದ ಮ್ಯಾಟ್ರಿಕ್ಸ್‌ಗಳು 12,180. ಪ್ರತಿಯೊಂದನ್ನೂ ಆ ಆರರಿಂದ ಗುಣಿಸಿ, ಎಲ್ಲಿಗೆ ಹೋಗಿ ಮುಟ್ಟುತ್ತದೋ ಅಲ್ಲಿಗೆ ಗೆರೆ ಎಳೆಯಿರಿ. ಸಿದ್ಧ! 12,180 ಬಿಂದು, 36,540 ಗೆರೆ. ಮೊದಲನೆಯದನ್ನು ಬಿಟ್ಟರೆ ಒಂದೇ ಒಂದು ಐಗನ್‌ಮೌಲ್ಯವೂ 4.47ರ ಬೇಲಿ ದಾಟುವುದಿಲ್ಲ. ಯಾವ ಬಿಂದುವಿನಿಂದ ಯಾವ ಬಿಂದುವಿಗಾದರೂ 13 ಹೆಜ್ಜೆಯೊಳಗೆ ತಲುಪಬಹುದು. 29ರ ಜಾಗದಲ್ಲಿ ಬೇರೆ ಬೇರೆ ಅವಿಭಾಜ್ಯಗಳನ್ನು ಹಾಕುತ್ತ ಹೋದರೆ ಇಂಥ ಗ್ರಾಫ್‌ಗಳ ಅನಂತ ಸಾಲು.

ದಾಟುವುದಿಲ್ಲ ಏಕೆ? ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮೈ ಜುಮ್ಮೆನಿಸುವ ಜಾಗ ಇದೇ. ಗ್ರಾಫಿನ ಒಂದು ಬಿಂದುವಿನಿಂದ ಹೊರಟು, ಇಟ್ಟ ಹೆಜ್ಜೆಯನ್ನು ಕೂಡಲೇ ಹಿಂತೆಗೆಯದೆ, ಮತ್ತೆ ಅದೇ ಬಿಂದುವಿಗೆ ಮರಳುವ ನಡಿಗೆಗಳನ್ನು ಎಣಿಸಿ. ಐಗನ್‌ಮೌಲ್ಯಗಳ ಗುಟ್ಟೆಲ್ಲ ಆ ಎಣಿಕೆಯಲ್ಲೇ ಇದೆ. ಈ ಗ್ರಾಫಿನಲ್ಲಿ ಅಂಥ ನಡಿಗೆಗಳನ್ನು ಎಣಿಸುವುದೆಂದರೆ 5ರ ಘಾತಗಳನ್ನು ಒಂದು ವಿಶೇಷ ಬಗೆಯಲ್ಲಿ ನಾಲ್ಕು ವರ್ಗಗಳಾಗಿ ಒಡೆಯುವುದನ್ನು ಎಣಿಸುವುದು. ಅದೋ, ಮತ್ತೆ ಒಂದು ತೀಟಾ ಶ್ರೇಣಿಯ ಸಹಗುಣಕ. ಆ ಶ್ರೇಣಿಯ ಮುಖ್ಯಭಾಗವನ್ನು ಕಳೆದರೆ ಉಳಿಯುವ ಚೂರು ಟೌ ಶ್ರೇಣಿಯ ಜಾತಿಯದೇ. ರಾಮಾನುಜನ್ ಹಾಕಿದಂಥದೇ ಬೇಲಿ ಅದರ ಸುತ್ತಲೂ ಇದೆ. ಗ್ರಾಫಿನ ಈ ಚೂರಿಗೆ ಡೆಲೀನ್ ಪ್ರಮೇಯದಷ್ಟು ಭಾರಿ ಅಸ್ತ್ರ ಬೇಕಾಗಲಿಲ್ಲ. ಮಾರ್ಟಿನ್ ಐಖ್ಲರ್ 1950ರ ದಶಕದಲ್ಲೇ ಸಾಧಿಸಿಟ್ಟಿದ್ದ ಸೋದರ ಊಹೆಯೇ ಸಾಕಾಯಿತು. ಅಷ್ಟು ವರ್ಷ ಕಪಾಟಿನಲ್ಲಿ ಕೂತಿದ್ದ ಪ್ರಮೇಯವೊಂದು ಜಾಲ ಹೆಣೆಯಲು ಎದ್ದು ಬಂತು.

ಮಾರ್ಗುಲಿಸ್ ಕೂಡ ಅದೇ 1988ರಲ್ಲಿ, ಸ್ವತಂತ್ರವಾಗಿ, ಇವೇ ಗ್ರಾಫ್‌ಗಳನ್ನು ಪ್ರಕಟಿಸಿದರು. ಇನ್ನೊಂದು ಸಂಗತಿ ಕೇಳಿ. ರಾಮಾನುಜನ್ ಊಹೆಯನ್ನು ಗೆದ್ದ ಡೆಲೀನ್‌ಗೂ, ಎಕ್ಸ್‌ಪ್ಯಾಂಡರ್ ಕಟ್ಟಿದ ಮಾರ್ಗುಲಿಸ್‌ಗೂ ಫೀಲ್ಡ್ಸ್ ಪದಕ ಬಂದದ್ದು ಒಂದೇ ಸಮ್ಮೇಳನದಲ್ಲಿ, 1978ರ ಹೆಲ್ಸಿಂಕಿಯಲ್ಲಿ. ಮಾರ್ಗುಲಿಸ್ ಅಲ್ಲಿ ಇರಲಿಲ್ಲ. ಸೋವಿಯತ್ ಸರ್ಕಾರ ಅವರನ್ನು ಹೋಗಲು ಬಿಟ್ಟಿರಲಿಲ್ಲ.

ಇಷ್ಟಾದರೂ ಒಂದು ತೊಡಕು ಉಳಿಯಿತು. ಈ ವಿಧಾನ ನಡೆಯುವುದು ಬಿಂದುವಿನ ಗೆರೆಗಳು ಅವಿಭಾಜ್ಯಕ್ಕಿಂತ ಒಂದು ಹೆಚ್ಚಾಗಿದ್ದಾಗ. ಆಮೇಲೆ ಮೋಶೆ ಮಾರ್ಗನ್‌ಸ್ಟರ್ನ್ ಅದನ್ನು ಅವಿಭಾಜ್ಯಗಳ ಘಾತಗಳಿಗೂ ಹಿಗ್ಗಿಸಿದರು. 3 ಗೆರೆ? ಆಗುತ್ತದೆ, 2 ಇದೆ. 4ಕ್ಕೆ 3, 5ಕ್ಕೆ 4, 6ಕ್ಕೆ 5. ಎಲ್ಲವೂ ಸರಿ. ಏಳು? ಅದಕ್ಕೆ ಬೇಕಾದದ್ದು 6. ಆರು ಅವಿಭಾಜ್ಯವೂ ಅಲ್ಲ, ಅವಿಭಾಜ್ಯದ ಘಾತವೂ ಅಲ್ಲ. ಏಳು ಗೆರೆಯ ರಾಮಾನುಜನ್ ಗ್ರಾಫ್‌ಗಳ ಅನಂತ ಸಾಲು ಇದೆಯೋ ಇಲ್ಲವೋ ಎಂದು ಹೇಳಲು ಆಧುನಿಕ ಸಂಖ್ಯಾಸಿದ್ಧಾಂತಕ್ಕೆ ಬಾಯೇ ಬರಲಿಲ್ಲ. ಏಳರಲ್ಲಿ ನಿಂತ ಬಂಡಿ ಕಾಲು ಶತಮಾನ ಅಲ್ಲೇ ನಿಂತಿತ್ತು.

ಅದನ್ನು ಎಳೆದು ದಾಟಿಸಿದ ಕಥೆಯ ಒಂದು ತುದಿ ಬೆಂಗಳೂರಿನಲ್ಲಿದೆ. ಅದಕ್ಕೆ ಮೊದಲು ಮೈಸೂರಿಗೆ ಹೋಗಿಬರೋಣ. ಎರಡು ಕೋಣೆಗಳ ಮಾತು ಬಂದಾಗ ಮಾನಸಗಂಗೋತ್ರಿಯನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ.

ರಾಮಾನುಜನ್ ತಮ್ಮ ಎರಡನೆಯ ನೋಟ್‌ಬುಕ್ಕಿನ 16ನೇ ಅಧ್ಯಾಯದಲ್ಲಿ ತೀಟಾ ಫಲನಗಳನ್ನು ತಮ್ಮದೇ ದಾರಿಯಲ್ಲಿ, ಪುರಾವೆ ಬರೆಯದೆ, ಸಾಲುಸಾಲಾಗಿ ಕಟ್ಟುತ್ತಾರೆ. ಆ ಸಾಲುಗಳಿಗೆಲ್ಲ ಪುರಾವೆ ಒದಗಿಸಿ ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ 1985ರಲ್ಲಿ ಪ್ರಕಟಿಸಿದ ಗ್ರಂಥದ ಲೇಖಕರು ನಾಲ್ವರು. ಮೈಸೂರು ವಿಶ್ವವಿದ್ಯಾಲಯದ ಚಂದ್ರಶೇಖರ ಅಡಿಗ ಮತ್ತು ಎಸ್. ಭಾರ್ಗವ, ಇಲಿನಾಯ್‌ನ ಬ್ರೂಸ್ ಬರ್ನ್ಟ್, ಜೊತೆಗೆ ಜಾರ್ಜ್ ವಾಟ್ಸನ್. ವಾಟ್ಸನ್ ತೀರಿಕೊಂಡದ್ದು 1965ರಲ್ಲಿ! ಬೆಸೆಲ್ ಫಲನಗಳ ಮೇಲೆ ಹೆಬ್ಬೊತ್ತಿಗೆ ಬರೆದ, ರಾಮಾನುಜನ್ ನೋಟ್‌ಬುಕ್ಕುಗಳಲ್ಲಿ ವರ್ಷಗಟ್ಟಲೆ ಮುಳುಗಿದ್ದ ಆ ಇಂಗ್ಲಿಷ್ ಗಣಿತಜ್ಞರು ಸತ್ತ ಇಪ್ಪತ್ತು ವರ್ಷಕ್ಕೆ ಮೈಸೂರಿನವರ ಸಹಲೇಖಕರಾದರು. ಬದುಕಿರುವ ಸಹಲೇಖಕರೊಡನೆ ಏಗುವುದೇ ಕಷ್ಟ ಎನ್ನುವವರು ಗಮನಿಸಬೇಕು. ಇತ್ತ ಕೆ. ವೆಂಕಟಾಚಲಯ್ಯಂಗಾರ್ ಅವರು ರಾಮಾನುಜನ್ ಹಾದಿಯಲ್ಲೇ ಎಲಿಪ್ಟಿಕ್ ಫಲನಗಳ ಇಡೀ ಸಿದ್ಧಾಂತ ಕಟ್ಟಿದ ಪುಸ್ತಕ 1988ರಲ್ಲಿ ಬಂತು. ರಾಮಾನುಜನ್ ಗ್ರಾಫ್‌ಗಳು ಹುಟ್ಟಿದ ವರ್ಷವೇ.

ಇದೇ ಅಡಿಗರು ಮುಂದೆ ಇನ್ನೊಂದು ಕೋಣೆಗೂ ಹೊಕ್ಕರು. ಗ್ರಾಫಿನ ಐಗನ್‌ಮೌಲ್ಯಗಳ ಚಿಹ್ನೆ ಬಿಟ್ಟು ಕೂಡಿಸಿದರೆ ಬರುವ ಮೊತ್ತಕ್ಕೆ ಗ್ರಾಫಿನ ಎನರ್ಜಿ ಎಂದು 1978ರಲ್ಲಿ ಹೆಸರಿಟ್ಟವರು ಸರ್ಬಿಯಾದ ರಸಾಯನಶಾಸ್ತ್ರಜ್ಞ ಇವಾನ್ ಗುಟ್ಮನ್. ಬೆಂಜೀನ್ ಅಣುವಿನ ಆರು ಇಂಗಾಲಗಳ ಷಟ್ಕೋನದಲ್ಲಿ ಐಗನ್‌ಮೌಲ್ಯಗಳು 2, 1, 1, −1, −1, −2, ಮೊತ್ತ 8. 1930ರ ದಶಕದಿಂದ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಬೆಂಜೀನ್‌ನ ಎಲೆಕ್ಟ್ರಾನ್ ಶಕ್ತಿಯ ಲೆಕ್ಕದಲ್ಲಿ ಬರುವ 8 ಇದೇ. ದಿಕ್ಕುಳ್ಳ ಗ್ರಾಫ್‌ಗಳಿಗೂ ಇಂಥದೊಂದು ಎನರ್ಜಿಯನ್ನು ಅಡಿಗ ಮತ್ತು ಜೊತೆಗಾರರು 2010ರಲ್ಲಿ ಕೊಟ್ಟರು. ಬಣ್ಣ ಹಚ್ಚಿದ ಗ್ರಾಫ್‌ಗಳಿಗೆ ಇನ್ನೊಂದನ್ನು ಇ. ಸಂಪತ್‌ಕುಮಾರ್ ಮೊದಲಾದವರೊಡನೆ. ಧಾರವಾಡದ ಎಚ್.ಬಿ. ವಾಲಿಕಾರ್ ಮತ್ತು ಸಂಗಡಿಗರು ಗುಟ್ಮನ್ ಜೊತೆ ಸೇರಿ ಬೇರೆ ಬೇರೆ ಗ್ರಾಫ್‌ಗಳಿಗೆ ಒಂದೇ ಎನರ್ಜಿ ಇರುವ ಬಗೆಯನ್ನು ಬಿಡಿಸಿಟ್ಟರು. ಗುಟ್ಮನ್ ಹೆಸರನ್ನು ಮರೆಯಬೇಡಿ, ಈಗಲೇ ಮತ್ತೆ ಬರುತ್ತಾರೆ.

ಏಳರಲ್ಲಿ ನಿಂತ ಬಂಡಿಗೆ ಮರಳೋಣ, ಒಂದು ಪುಟ್ಟ ಲೆಕ್ಕದ ದಾರಿಯಲ್ಲಿ. ನಾಲ್ಕು ಜನ ಒಂದು ಕೋಣೆಯಲ್ಲಿದ್ದಾರೆ, ಜೋಡಿ ಕಟ್ಟಬೇಕು. ಒಂದೂ ಜೋಡಿ ಕಟ್ಟದಿರಲು 1 ದಾರಿ. ಒಂದು ಜೋಡಿಗೆ 6. ಎರಡು ಜೋಡಿಗೆ 3. ಈ 1, 6, 3ಕ್ಕೆ ಧನ, ಋಣ, ಧನ ಎಂದು ಸರದಿಯ ಮೇಲೆ ಚಿಹ್ನೆ ಹಚ್ಚಿ ಬಹುಪದೋಕ್ತಿಯ ಸಹಗುಣಕಗಳಾಗಿ ಇಟ್ಟರೆ ಸಿಗುವುದು ಹರ್ಮಿಟ್ ಬಹುಪದೋಕ್ತಿ! ಕ್ವಾಂಟಂ ಭೌತಶಾಸ್ತ್ರದಲ್ಲಿ ಕಂಪಿಸುವ ಕಣದ ಅಲೆಗಳನ್ನು ಬರೆಯಲು ಬಳಸುವ ಅದೇ ವಿಶೇಷ ಫಲನ. ಐದು ಜನರಿಗೆ 1, 10, 15. ಅದು ಮುಂದಿನ ಹರ್ಮಿಟ್. ಮೂವರು ಈ ಕಡೆ, ಮೂವರು ಆ ಕಡೆ, ಜೋಡಿ ಕಟ್ಟುವುದು ಅಡ್ಡಡ್ಡ ಮಾತ್ರ ಎಂದರೆ 1, 9, 18, 6. ಅದು ಲಗೇರ್ ಬಹುಪದೋಕ್ತಿ, ಹೈಡ್ರೋಜನ್ ಪರಮಾಣುವಿನ ಸಮೀಕರಣದಲ್ಲಿ ಸಿಗುವ ಕುಟುಂಬದ್ದು. ಎಲ್ಲಿಯ ಜೋಡಿ, ಎಲ್ಲಿಯ ಪರಮಾಣು!

ಹೀಗೆ ಯಾವ ಗ್ರಾಫಿಗಾದರೂ ಜೋಡಿಗಳನ್ನು ಎಣಿಸಿ ಬಹುಪದೋಕ್ತಿ ಕಟ್ಟಬಹುದು. 1972ರಲ್ಲಿ ಓಲೆ ಹೈಲ್‌ಮನ್ ಮತ್ತು ಎಲಿಯಟ್ ಲೀಬ್, ಜಾಲರಿಯ ಮೇಲೆ ಎರಡೆರಡು ಪರಮಾಣುಗಳ ಅಣುಗಳು ಕೂರುವುದನ್ನು ಲೆಕ್ಕ ಹಾಕುತ್ತ, ಎರಡು ಸಂಗತಿ ಸಾಧಿಸಿದರು. ಆ ಬಹುಪದೋಕ್ತಿಯ ಶೂನ್ಯತೆಗಳೆಲ್ಲ ಯಾವಾಗಲೂ ವಾಸ್ತವ ಸಂಖ್ಯೆಗಳು. ಅವುಗಳ ಗಡಿ? ಗೆರೆಗಳ ಸಂಖ್ಯೆಯಿಂದ ಒಂದು ಕಳೆದು, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಮತ್ತೆ ಅದೇ ಬೇಲಿ! ಇಲ್ಲಿ ಅವಿಭಾಜ್ಯ ಸಂಖ್ಯೆಯ ಸುಳಿವೇ ಇಲ್ಲ. ಏಳು ಗೆರೆಗೂ ನಡೆಯುತ್ತದೆ, ಹನ್ನೊಂದಕ್ಕೂ ನಡೆಯುತ್ತದೆ.

2013ರಲ್ಲಿ ಈ ಎಳೆಯನ್ನು ಹಿಡಿದವರು ಆಡಂ ಮಾರ್ಕಸ್, ಡೇನಿಯಲ್ ಸ್ಪೀಲ್‌ಮನ್ ಮತ್ತು ನಿಖಿಲ್ ಶ್ರೀವಾಸ್ತವ. ಶ್ರೀವಾಸ್ತವ ಆಗ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದರು. ಉಪಾಯದ ಮೊದಲ ಭಾಗ ಯೊನಾಟನ್ ಬಿಲು ಮತ್ತು ನಾಟಿ ಲಿನಿಯಲ್ ಅವರದು. ಒಂದು ಚಿಕ್ಕ ರಾಮಾನುಜನ್ ಗ್ರಾಫನ್ನು ಎರಡು ಪ್ರತಿ ಮಾಡಿ ಪಕ್ಕಪಕ್ಕ ಇಡಿ. ಪ್ರತಿಯೊಂದು ಗೆರೆಯ ಜೋಡಿಯನ್ನೂ ನೇರವಾಗಿ ಬಿಡಬಹುದು, ಇಲ್ಲವೇ ಆ ಪ್ರತಿಯಿಂದ ಈ ಪ್ರತಿಗೆ ಅಡ್ಡ ಹಾಯಿಸಬಹುದು. ಬಿಂದುಗಳು ಇಮ್ಮಡಿಯಾದವು, ಗೆರೆಗಳ ಸಂಖ್ಯೆ ಮಾತ್ರ ಪ್ರತಿ ಬಿಂದುವಿಗೂ ಮೊದಲಿನಷ್ಟೇ. ಹೊಸದಾಗಿ ಸೇರುವ ಐಗನ್‌ಮೌಲ್ಯಗಳು ಬೇಲಿಯೊಳಗೇ ಇರುವಂಥ ಒಂದು ಆಯ್ಕೆ ಸಿಕ್ಕರೆ ಸಾಕು, ಇಮ್ಮಡಿಸುತ್ತ ಅನಂತದವರೆಗೆ ಹೋಗಬಹುದು. ಆದರೆ ಒಟ್ಟು ಇಪ್ಪತ್ತೇ ಗೆರೆಗಳಿರುವ ಗ್ರಾಫಿಗೇ ಹತ್ತು ಲಕ್ಷಕ್ಕೂ ಹೆಚ್ಚು ಆಯ್ಕೆಗಳು! ಯಾವುದು ಒಳ್ಳೆಯದು?

ಅವರು ಯಾವುದನ್ನೂ ಆರಿಸಲಿಲ್ಲ. ಎಲ್ಲ ಆಯ್ಕೆಗಳ ಬಹುಪದೋಕ್ತಿಗಳನ್ನೂ ಕೂಡಿಸಿ ಸರಾಸರಿ ತೆಗೆದರು. ಆ ಸರಾಸರಿ ಏನೆಂಬುದನ್ನು 1981ರಲ್ಲೇ ಕ್ರಿಸ್ ಗಾಡ್ಸಿಲ್ ಜೊತೆ ಕಂಡುಹಿಡಿದಿಟ್ಟವರು ನಮ್ಮ ಇವಾನ್ ಗುಟ್ಮನ್. ಅದು ಜೋಡಿಗಳನ್ನು ಎಣಿಸುವ ಅದೇ ಬಹುಪದೋಕ್ತಿ! ಅದರ ಶೂನ್ಯತೆಗಳು ಬೇಲಿಯೊಳಗಿವೆ ಎಂದು ಹೈಲ್‌ಮನ್, ಲೀಬ್ ಹೇಳಿಯಾಗಿದೆ. ಇಲ್ಲಿ ಒಂದು ಅಪಾಯವಿತ್ತು. ಬಹುಪದೋಕ್ತಿಗಳ ಸರಾಸರಿಯ ಶೂನ್ಯತೆ ಎಲ್ಲಿದೆ ಎಂಬುದು ಸಾಮಾನ್ಯವಾಗಿ ಬಿಡಿ ಬಹುಪದೋಕ್ತಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಈ ಕುಟುಂಬದಲ್ಲಿ ಮಾತ್ರ ಶೂನ್ಯತೆಗಳು ಒಂದರ ನಡುವೆ ಒಂದು ಹೆಣೆದುಕೊಂಡಿವೆ, ಆದ್ದರಿಂದ ಸರಾಸರಿಯಷ್ಟಾದರೂ ಒಳ್ಳೆಯದು ಒಂದು ಇದ್ದೇ ಇರಬೇಕು ಎಂದು ಮೂವರೂ ಸಾಧಿಸಿದರು. ಏಳು ಗೆರೆಯ ಗ್ರಾಫ್‌ಗಳ ಅನಂತ ಸಾಲು ಸಿಕ್ಕಿತು. ಇದೇ ಹೆಣಿಗೆಯ ತಂತ್ರದಿಂದ ಅದೇ ವರ್ಷ ಅವರು 1959ರಿಂದ ಉಳಿದಿದ್ದ ಕ್ಯಾಡಿಸನ್–ಸಿಂಗರ್ ಸಮಸ್ಯೆಯನ್ನೂ ಬಿಡಿಸಿದರು. ಅದು ಕ್ವಾಂಟಂ ಯಂತ್ರಶಾಸ್ತ್ರದ ತಳಪಾಯದ ಪ್ರಶ್ನೆ. ಅದಕ್ಕೇ ಬೇರೆ ಲೇಖನ ಬೇಕು.

ಆದರೂ ಒಂದು ಷರತ್ತಿತ್ತು. ಅವರ ಗ್ರಾಫ್‌ಗಳೆಲ್ಲ ಎರಡು ಬಣಗಳವು. ಗೆರೆಗಳು ಈ ಬಣದಿಂದ ಆ ಬಣಕ್ಕೆ ಮಾತ್ರ. ಬಣಗಳಿಲ್ಲದ ಏಳು ಗೆರೆಯ ಗ್ರಾಫ್‌ಗಳು? ಬಂಡಿ ಮತ್ತೆ ಅಲ್ಲೇ.

1980ರ ದಶಕದ ಕೊನೆಗೆ ಲೌಸಾನ್‌ನ ಒಂದು ಸಮ್ಮೇಳನದಲ್ಲಿ ಅಲೋನ್ ಮತ್ತು ಸಾರ್ನಾಕ್ ಒಂದು ಪಂದ್ಯ ಕಟ್ಟಿದ್ದರು; ಬಂಡಿ ಮುಂದೆ ಸಾಗಿದ್ದು ಅದರ ದಾರಿಯಲ್ಲೇ. ಗೆರೆಗಳನ್ನು ಲಾಟರಿಯಂತೆ ಎಳೆದರೆ ರಾಮಾನುಜನ್ ಗ್ರಾಫ್ ಸಿಗುವ ಸಂಭವ ಎಷ್ಟು? ಅಷ್ಟು ಸೂಕ್ಷ್ಮ ಸಂಖ್ಯಾಸಿದ್ಧಾಂತದಿಂದ ಹುಟ್ಟಿದ ವಸ್ತು ಲಾಟರಿಯಲ್ಲಿ ಸಿಗುವುದು ಬಲು ಅಪರೂಪ ಎಂದರು ಸಾರ್ನಾಕ್. ಹೆಚ್ಚುಕಡಿಮೆ ಎಲ್ಲವೂ ರಾಮಾನುಜನ್ ಗ್ರಾಫ್‌ಗಳೇ ಎಂದರು ಅಲೋನ್. 2024ರ ಡಿಸೆಂಬರ್‌ನಲ್ಲಿ ಜಿಯಾಓಯಾಂಗ್ ಹುವಾಂಗ್, ಥಿಯೋ ಮೆಕೆಂಝಿ, ಹಾರ್ಂಗ್-ಟ್ಸರ್ ಯೌ ಉತ್ತರ ಮುಂದಿಟ್ಟರು. ಇಬ್ಬರೂ ಸೋತರು. ಗ್ರಾಫ್ ದೊಡ್ಡದಾದಂತೆ ಆ ಸಂಭವ ಶೇ. 69ರ ಹತ್ತಿರಕ್ಕೆ ಹೋಗುತ್ತದೆ.

69! ಎಲ್ಲಿಂದ ಬಂತು ಈ ಸಂಖ್ಯೆ? ಗ್ರಾಫ್ ಥಿಯರಿಯ ಒಳಗಿನಿಂದ ಅಲ್ಲ. ಐಗನ್‌ಮೌಲ್ಯಗಳ ಮೇಲಂಚು ಬೇಲಿಯ ಹತ್ತಿರ ಹೇಗೆ ಓಲಾಡುತ್ತದೆ ಎಂಬುದನ್ನು ಟ್ರೇಸಿ–ವಿಡಮ್ ವಿತರಣೆ ಎಂಬ ವಕ್ರರೇಖೆ ಹೇಳುತ್ತದೆ. ಮೇಲಂಚು ಬೇಲಿಯೊಳಗೆ ಉಳಿಯುವ ಸಂಭವ ಸುಮಾರು 0.83. ಕೆಳಅಂಚಿಗೂ ಅಷ್ಟೇ, ಸ್ವತಂತ್ರವಾಗಿ. 0.83ನ್ನು 0.83ರಿಂದ ಗುಣಿಸಿ, 0.69. ಆ ವಕ್ರರೇಖೆಯನ್ನು ಬರೆಯಲು ಬೇಕಾದದ್ದು ಪಾನ್ಲವೆ ಸಮೀಕರಣದ ಒಂದು ಪರಿಹಾರ. ಪಾಲ್ ಪಾನ್ಲವೆ, ಎರಡು ಸಲ ಫ್ರಾನ್ಸಿನ ಪ್ರಧಾನಿಯಾದ ಗಣಿತಜ್ಞ; ಹಳೆಯ ವಿಶೇಷ ಫಲನಗಳಿಂದ ಕಟ್ಟಲಾಗದ ಹೊಸ ವಿಶೇಷ ಫಲನಗಳನ್ನು ಕೊಟ್ಟ ಸಮೀಕರಣಗಳು ಅವರ ಹೆಸರಿನಲ್ಲಿವೆ. ಆ ಪರಿಹಾರ ಒಂದು ತುದಿಯಲ್ಲಿ 'ಏರಿ' ಎಂಬ ಹೆಸರಿನ ಫಲನವನ್ನು ಸೇರಿಕೊಳ್ಳುತ್ತದೆ. ಏರಿ ಫಲನ ಹುಟ್ಟಿದ್ದು 1838ರಲ್ಲಿ, ಕಾಮನಬಿಲ್ಲಿನ ಅಂಚಿನಲ್ಲಿ ಬೆಳಕು ಹೇಗೆ ಮಂಕಾಗುತ್ತದೆಂಬ ಲೆಕ್ಕದಲ್ಲಿ.

ಏಳು ಗೆರೆಯ, ಬಣಗಳಿಲ್ಲದ ರಾಮಾನುಜನ್ ಗ್ರಾಫ್‌ಗಳು ಅನಂತವಾಗಿವೆ ಎಂಬುದೂ ಇದೇ ಪ್ರಬಂಧದಿಂದ ಸಾಬೀತಾಯಿತು. ನೂರಕ್ಕೆ 69ರಷ್ಟು ಇದ್ದರೆ ಇಲ್ಲದಿರಲು ಸಾಧ್ಯವೇ? ಆದರೆ ಈ ಪುರಾವೆ ಸೂತ್ರ ಕೊಡುವುದಿಲ್ಲ, 'ಇಗೋ ಇದು' ಎಂದು ಯಾವ ಗ್ರಾಫನ್ನೂ ತೋರಿಸುವುದಿಲ್ಲ. ಒಂದು ಬೇಕೆಂದರೆ ಕಂಪ್ಯೂಟರಿಗೆ ಹತ್ತು ಸಾವಿರ ಬಿಂದು ಕೊಟ್ಟು, ತಲಾ ಏಳು ಗೆರೆ ಮನಬಂದಂತೆ ಎಳೆಸಿ, ಐಗನ್‌ಮೌಲ್ಯ ಕೇಳಬೇಕು. ಗಡಿ 2√6, ಅಂದರೆ 4.899. ದಾಟಿದ್ದರೆ ಬಿಸಾಡಿ ಇನ್ನೊಂದು ಎಳೆಸಬೇಕು.